ಖಾಲಿ ಜಾಗದ ಜಗಳ

ಹಳೆಯ ವಿಡಿಯೋ ಗೇಮ್‌ಗಳನ್ನು ತಿದ್ದುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಇಡೀ ಆಟವನ್ನು ಹೊತ್ತ ರಾಮ್ (ROM) ಫೈಲಿನಲ್ಲಿ ಸೊನ್ನೆಗಳು ಸಾಲಾಗಿ ಕಂಡರೆ ಆ ಜಾಗ ಖಾಲಿ. ವಾರಗಟ್ಟಲೆಯ ದುಡಿಮೆಯನ್ನು ನುಂಗುವುದು ಈ ನಂಬಿಕೆಯೇ. ಸೊನ್ನೆಯೂ ಮಾಹಿತಿಯಾಗಿರಬಹುದು, 'ಇಲ್ಲಿ ಏನೂ ಬೇಡ, ಬರೀ ಆಕಾಶ' ಎಂದು ಆಟಕ್ಕೆ ಹೇಳುವ ಮಾಹಿತಿ.

1985ರ ಸೂಪರ್ ಮಾರಿಯೋ ಬ್ರದರ್ಸ್ ಇಡಿಯಾಗಿ 40 ಕಿಲೋಬೈಟ್. ಅದರಲ್ಲಿ ಚಿತ್ರಗಳಿಗೆ ಸಿಕ್ಕಿದ್ದು ಬರೀ 8. ಆ ಆಟದ ಮೋಡವನ್ನೂ ಪೊದೆಯನ್ನೂ ಒಮ್ಮೆ ಜೋಡಿಸಿ ನೋಡಿ: ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ! ಅಷ್ಟು ಇಕ್ಕಟ್ಟಿನಲ್ಲಿ ಅರಳಿದ ಕಲೆ ಅದು. 1990ರ ಸೂಪರ್ ಮಾರಿಯೋ ವರ್ಲ್ಡ್ 512 ಕಿಲೋಬೈಟಿಗೆ ಬೆಳೆಯಿತು. ಇಂದಿಗೂ ಜನ ಅತಿ ಹೆಚ್ಚು ತಿದ್ದುವ ಆಟಗಳಲ್ಲಿ ಅದೂ ಒಂದು.

ಹಂತಗಳನ್ನು ತಿದ್ದುವ ಉಪಕರಣ ಹೊಸ ಹಂತವೊಂದನ್ನು ಫೈಲಿನ ಬೇರೆಡೆ ಬರೆದು, ಅದರ ವಿಳಾಸವನ್ನು ಪಾಯಿಂಟರ್ ಪಟ್ಟಿಯಲ್ಲಿ ಬದಲಿಸುತ್ತದೆ. ಪರಿವಿಡಿಯಲ್ಲಿ ಪುಟಸಂಖ್ಯೆ ತಿದ್ದಿದ ಹಾಗೆ. ಮನೆ ಬದಲಿಸಿದವರು ಅಂಚೆಯವನಿಗೆ ಹೊಸ ವಿಳಾಸ ಕೊಟ್ಟ ಹಾಗೆ. ಆಮೇಲೆ ಸಂಗೀತ ಸೇರಿಸುವ ಉಪಕರಣ ಬರುತ್ತದೆ. ಅದಕ್ಕೆ ಆ ಪಟ್ಟಿಯ ಗೊಡವೆಯೇ ಇಲ್ಲ. ಸೊನ್ನೆಗಳನ್ನು ಕಂಡು, ಬೀಳುಭೂಮಿ ಎಂದುಕೊಂಡು ಉತ್ತುಬಿಡುತ್ತದೆ. ಅಂಚೆಯವನು ಮಾತ್ರ ಹಳೆಯ ನಂಬಿಕೆಯಲ್ಲಿ ಅದೇ ಬಾಗಿಲು ತಟ್ಟುತ್ತಾನೆ: ಆಟವು ಸ್ವರಗಳನ್ನೇ ಇಟ್ಟಿಗೆ, ಕೊಳವೆಗಳೆಂದು ಓದಿ ಪರದೆಯ ಮೇಲೆ ಚೆಲ್ಲುತ್ತದೆ.

ಇದಕ್ಕೆ ಸೂಪರ್ ಮಾರಿಯೋ ವರ್ಲ್ಡ್ ತಿದ್ದುವವರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಬಳಸಿದ ಜಾಗದ ಮುಂದೆ 53 54 41 52 ಎಂಬ ನಾಲ್ಕು ಬೈಟ್ (ಹದಿನಾರರ ಲೆಕ್ಕದಲ್ಲಿ) ಬರೆಯುತ್ತಾರೆ. ಅಕ್ಷರಗಳಾಗಿ ಓದಿದರೆ 'ಸ್ಟಾರ್'. ಅದರ ಬೆನ್ನಿಗೆ ಮಾಹಿತಿಯ ಉದ್ದದಲ್ಲಿ ಒಂದು ಕಳೆದ ಸಂಖ್ಯೆ, ಅದರ ಬೆನ್ನಿಗೆ ಅದೇ ಸಂಖ್ಯೆಯ ಬಿಟ್‌ಗಳಲ್ಲಿ 0 ಇದ್ದಲ್ಲಿ 1, 1 ಇದ್ದಲ್ಲಿ 0 ಹಾಕಿದ ರೂಪ. ಎರಡನ್ನೂ ಕೂಡಿಸಿದರೆ 65,535 ಬರಲೇಬೇಕು. ಆಕಸ್ಮಿಕವಾಗಿ 'ಸ್ಟಾರ್' ಎಂದು ಮೂಡಿದ ಬೈಟ್‌ಗಳು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ. ಆದರೆ ಈ ಗುರುತನ್ನು ಅರಿಯದ ಉಪಕರಣಕ್ಕೆ ಬೇಲಿಯೂ ಕಾಣದು, ಬೆಳೆಯೂ ಕಾಣದು.

ಪ್ಯಾಚ್‌ಗಳಲ್ಲೂ, ಅಂದರೆ ತಿದ್ದುಪಡಿಗಳನ್ನಷ್ಟೇ ಹೊತ್ತು ಮೂಲ ಫೈಲಿಗೆ ಸೇರಿಸುವ ಫೈಲುಗಳಲ್ಲೂ, ಇದೇ ಕುರುಡು. ಐಪಿಎಸ್ (IPS) ಎಂಬ ಬಗೆಯ ಪ್ಯಾಚ್ ಮೂಲ ಫೈಲ್ ಸರಿಯಾದದ್ದೇ ಎಂದು ನೋಡುವುದಿಲ್ಲ. 5,24,288 ಬೈಟ್‌ಗಳ ಫೈಲಿಗೆಂದು ಮಾಡಿದ್ದನ್ನು, ತಲೆಯಲ್ಲಿ 512 ಬೈಟ್ ಹೆಚ್ಚಿಗೆ ಹೊತ್ತ 5,24,800ರ ಫೈಲಿಗೆ ಹಾಕಿದರೆ ಪ್ರತಿ ತಿದ್ದುಪಡಿಯೂ ತಪ್ಪು ಜಾಗದಲ್ಲಿ ಕೂರುತ್ತದೆ. ಬಿಪಿಎಸ್ (BPS) ಬಗೆಯ ಪ್ಯಾಚ್ ಮೊದಲು ಮೂಲವನ್ನು ತಾಳೆ ನೋಡುತ್ತದೆ, ಅದನ್ನೇ ಬಳಸಿ.

ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರಿನ ಸೇವ್ ಸ್ಟೇಟ್ ಬ್ಯಾಕಪ್ ಅಲ್ಲ. ಅದು ಉಳಿಸುವುದು ಆ ಕ್ಷಣದ ನೆನಪನ್ನು, ನೀವು ತಿದ್ದಿದ ಫೈಲನ್ನಲ್ಲ.

ನಾನೂ ದಿನಾ ಒಂದು ಬ್ಯಾಕಪ್ ಇಡುತ್ತಿದ್ದೆ, ಹಿಂದಿನದರ ಮೇಲೆಯೇ. ಹತ್ತನೆಯ ಹಂತ ಕೆಟ್ಟಿದ್ದು ಗೊತ್ತಾಗುವಷ್ಟರಲ್ಲಿ ಮೂರು ದಿನ ಕಳೆದಿತ್ತು, ಬ್ಯಾಕಪ್ಪೂ ಕೆಟ್ಟಿತ್ತು. ಈಗ ಮೂಲ ಫೈಲನ್ನು ಮುಟ್ಟುವುದೇ ಇಲ್ಲ. ಪ್ರತಿ ಉಪಕರಣ ತೆರೆಯುವ ಮುನ್ನ ಸಂಖ್ಯೆ ಹಾಕಿದ ಹೊಸ ಪ್ರತಿ, ಜೊತೆಗೆ ಒಂದು ಸಾಲಿನ ಟಿಪ್ಪಣಿ. ಮೊನ್ನೆ 16ನೆಯ ಪ್ರತಿಯಲ್ಲಿ ಮತ್ತೆ ಇಟ್ಟಿಗೆಗಳು ಚದುರಿದವು. 8 ತೆರೆದೆ, ಸರಿಯಿತ್ತು. 12 ಕೆಟ್ಟಿತ್ತು. 10 ಸರಿ, 11 ಕೆಟ್ಟಿದೆ. 10ರ ಟಿಪ್ಪಣಿ ಓದಿದೆ: 'ಇನ್ನು ಸಂಗೀತ ಸೇರಿಸಬೇಕು.'