ಊಟಕ್ಕೆ ಮುಂಚೆಯೋ, ಆಮೇಲೋ: ಮಾತ್ರೆಗೆ ಅದ್ಯಾಕೆ ಮುಖ್ಯ?

ಪ್ರಶ್ನೆ: ಒಂದು ಮಾತ್ರೆ ಖಾಲಿ ಹೊಟ್ಟೆಗೆ, ಇನ್ನೊಂದು ಊಟ ಆದ ಮೇಲೆ ಅಂತ ಡಾಕ್ಟರ್ ಬರೆದುಕೊಡುತ್ತಾರೆ. ಕೊನೆಗೆ ಎಲ್ಲ ಹೋಗೋದು ಹೊಟ್ಟೆಗೇ ಅಲ್ವಾ?

ಉತ್ತರ: ಹೊಟ್ಟೆಗೇ ಹೋಗುತ್ತದೆ, ನಿಜ. ಆದರೆ ಎಲ್ಲಿ ಕರಗುತ್ತದೆ, ಎಷ್ಟು ಹೊತ್ತಿನಲ್ಲಿ ಕರಗುತ್ತದೆ ಅನ್ನುವುದು ಮಾತ್ರೆಯಿಂದ ಮಾತ್ರೆಗೆ ಬೇರೆ.

ಮನೆಯಲ್ಲೇ ನೋಡಬಹುದು. ಒಂದು ಲೋಟ ನೀರಿಗೆ ಮಾಮೂಲಿ ಪ್ಯಾರಸಿಟಮಾಲ್ ಹಾಕಿ, ಇನ್ನೊಂದಕ್ಕೆ ಶುಗರ್‌ನವರು ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆ) ಹಾಕಿ. ಪ್ಯಾರಸಿಟಮಾಲ್ ಸ್ವಲ್ಪ ಹೊತ್ತಿಗೇ ಬಿರುಕು ಬಿಟ್ಟು, ಪುಡಿಯಾಗಿ ತಳ ಸೇರುತ್ತದೆ. ನೀರು ಹೀರಿ ಉಬ್ಬುವ ಪಿಷ್ಟದಂಥ ಪದಾರ್ಥ ಅದರೊಳಗಿದ್ದು, ಅದೇ ಮಾತ್ರೆಯನ್ನು ಒಡೆಯುತ್ತದೆ. ಮೆಟ್‌ಫಾರ್ಮಿನ್ ಎಸ್‌ಆರ್ ಸಾಮಾನ್ಯವಾಗಿ ಹಾಗೆ ಒಡೆಯುವುದಿಲ್ಲ. ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ. ಆ ಲೋಳೆಯಿಂದ ಔಷಧಿ ಗಂಟೆಗಟ್ಟಲೆ ನಿಧಾನವಾಗಿ ಒಸರುತ್ತದೆ. ಖಾಲಿಯಾದ ಲೋಳೆಮುದ್ದೆ ಮಲದಲ್ಲಿ ಕಂಡರೆ ಗಾಬರಿಯಾಗಬೇಡಿ, ಔಷಧಿ ಆಗಲೇ ಮೈಗೆ ಸೇರಿರುತ್ತದೆ.

ಅಜ್ಜಿಗೆ ನುಂಗೋಕೆ ಕಷ್ಟ ಅಂತ ಇಂಥ ಮಾತ್ರೆಯನ್ನು ಪುಡಿ ಮಾಡಿ ಕೊಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಇಡೀ ದಿನಕ್ಕೆ ಹಂಚಿಹೋಗಬೇಕಾದ ಔಷಧಿ ಒಂದೇ ಸಲ ಇಳಿದುಬಿಡುತ್ತದೆ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಆರ್ ಅಂತಿದ್ದರೆ ಡಾಕ್ಟರನ್ನು ಕೇಳದೆ ಪುಡಿ ಮಾಡಲೇಬೇಡಿ.

ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್ ಕಥೆ ಬೇರೆ. ಈ ಔಷಧಿ ಆಸಿಡ್ ತಾಗಿದರೆ ಹಾಳಾಗುತ್ತದೆ. ಅದಕ್ಕೇ ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗುವ ಹೊದಿಕೆ ಹಾಕಿರುತ್ತಾರೆ. ಹೊಟ್ಟೆ ತುಂಬಾ ಊಟ ಇದ್ದರೆ ಇಡಿಯಾಗಿರುವ ಮಾತ್ರೆ ಅಲ್ಲೇ ಕಾಯುತ್ತಾ ಕೂರಬೇಕಾಗುತ್ತದೆ. ಆಸಿಡ್ ಜೋರಾಗಿ ಸುರಿಯುವುದು ಊಟದ ಹೊತ್ತಿಗೇ. ಅದನ್ನು ತಡೆಯಬೇಕಾದರೆ ಅಷ್ಟರೊಳಗೆ ಔಷಧಿ ರಕ್ತದಲ್ಲಿರಬೇಕು. ಅರ್ಧ ಗಂಟೆ ಮುಂಚೆ ಅನ್ನುವುದು ಇದಕ್ಕೇ. ಜಂತುಹುಳಕ್ಕೆ ಕೊಡುವ ಅಲ್ಬೆಂಡಜೋಲ್ ಇದಕ್ಕೆ ಉಲ್ಟಾ: ಜಿಡ್ಡಿನ ಊಟದ ಜೊತೆ ರಕ್ತಕ್ಕೆ ಜಾಸ್ತಿ ಸೇರುತ್ತದೆ.

ಇನ್ನು ಮಾತ್ರೆಯೊಳಗಿನ ಬೇರೆ ಪದಾರ್ಥಗಳ ವಿಷಯ. 50 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆಯಲ್ಲಿ ಔಷಧಿ ಇರುವುದು ಒಂದು ಗ್ರಾಂನ 20,000ದಲ್ಲಿ ಒಂದು ಪಾಲು. ಕೈಗೆ ಸಿಗುವ ಬಿಲ್ಲೆಯೆಲ್ಲ ಹೆಚ್ಚುಕಮ್ಮಿ ತುಂಬುಪುಡಿಯೇ. ಆ ಪುಡಿಯನ್ನು ಹಗುರವಾಗಿ ಕಾಣಬಾರದು. 1968ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕ್ಯಾಪ್ಸೂಲ್‌ನಲ್ಲಿ ತುಂಬುಪುಡಿಯಾಗಿದ್ದ ಕ್ಯಾಲ್ಸಿಯಂ ಸಲ್ಫೇಟ್ ತೆಗೆದು ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ತುಂಬಿದರು. ಔಷಧಿಯ ಅಳತೆ ಬದಲಾಗಿರಲಿಲ್ಲ. ಆದರೂ ರಕ್ತದಲ್ಲಿ ಅದು ಏರಿ, ರೋಗಿಗಳು ವಿಷವೇರಿದವರಂತೆ ತೂರಾಡಿದರು. ಫಿಟ್ಸ್ ಅಥವಾ ಥೈರಾಯ್ಡ್ ಮಾತ್ರೆಯ ಕಂಪನಿಯನ್ನು ಅಂಗಡಿಯವರು ಬದಲಿಸಿ ಕೊಟ್ಟರೆ, ಡಾಕ್ಟರಿಗೆ ಒಂದು ಮಾತು ತಿಳಿಸಿ.