ಪೆಟ್ಟಿಗೆ ಸುಮ್ಮನಾದಾಗ

1960ರ ದಶಕದಲ್ಲಿ ಗಗನಯಾತ್ರಿ ಮೇಲೆ ಹಾರಿದರೆ, ಹೂಸ್ಟನ್ ಬಳಿಯ ಅವನ ಮನೆಗೆ ನಾಸಾ ಒಂದು ಪುಟ್ಟ ಸ್ಪೀಕರ್ ಪೆಟ್ಟಿಗೆ ತಂದು ಜೋಡಿಸುತ್ತಿತ್ತು. ನೌಕೆಗೂ ನಿಯಂತ್ರಣ ಕೇಂದ್ರಕ್ಕೂ ನಡೆಯುವ ಮಾತುಕತೆ ಅದರಲ್ಲಿ ಕೇಳುತ್ತಿತ್ತು. ಹೆಂಡತಿ ಕೇಳಿಸಿಕೊಳ್ಳಬಹುದು ಅಷ್ಟೇ, ಮಾತಾಡುವ ಹಾಗಿಲ್ಲ. ಅದಕ್ಕೆ ‘ಸ್ಕ್ವಾಕ್ ಬಾಕ್ಸ್’ ಅಂತ ಹೆಸರು.

1966ರ ಮಾರ್ಚ್ 16. ಜೆಮಿನಿ 8 ನೌಕೆಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್, ಡೇವಿಡ್ ಸ್ಕಾಟ್ ಇದ್ದರು. ಅಜೀನಾ ಎಂಬ ಇನ್ನೊಂದು ನೌಕೆಗೆ ಕೂಡಿಕೊಂಡ ಸ್ವಲ್ಪ ಹೊತ್ತಿಗೆ ಎರಡೂ ಗಿರಗಿರನೆ ತಿರುಗತೊಡಗಿದವು. ಜೆಮಿನಿಯ ಒಂದು ಪುಟ್ಟ ರಾಕೆಟ್ ತಾನಾಗಿಯೇ ಉರಿಯುತ್ತಿತ್ತು. ಅಜೀನಾದಿಂದ ಬಿಡಿಸಿಕೊಂಡರೆ ಸರಿಹೋಗಬಹುದು ಅಂದುಕೊಂಡರು. ಆದರೆ ಜೊತೆಗಿದ್ದ ಭಾರ ಹೋದ ಮೇಲೆ ತಿರುಗಾಟ ಇನ್ನೂ ಜಾಸ್ತಿಯಾಯಿತು, ಸೆಕೆಂಡಿಗೆ ಸುಮಾರು ಒಂದು ಸುತ್ತು. ಕಣ್ಣು ಮಂಜಾಗುತ್ತಿದ್ದರೂ ಆರ್ಮ್‌ಸ್ಟ್ರಾಂಗ್, ಭೂಮಿಗೆ ಇಳಿಯುವಾಗ ಬೇಕಾಗುವ ಬೇರೆ ರಾಕೆಟ್‌ಗಳನ್ನು ಬಳಸಿ ನೌಕೆಯನ್ನು ಹತೋಟಿಗೆ ತಂದರು.

ಅತ್ತ ನೀಲ್ ಅವರ ಹೆಂಡತಿ ಜಾನೆಟ್ ಆರ್ಮ್‌ಸ್ಟ್ರಾಂಗ್ ಮನೆಯ ಪೆಟ್ಟಿಗೆಯನ್ನು ನಾಸಾ ಸುಮ್ಮನಾಗಿಸಿತ್ತು! ಅವರು ನಿಯಂತ್ರಣ ಕೇಂದ್ರಕ್ಕೆ ಹೋದರೆ ಒಳಗೆ ಬಿಡಲಿಲ್ಲ. ಇನ್ನೊಮ್ಮೆ ಹೀಗೆ ಮಾಡಿದರೆ ಲೋಕಕ್ಕೆಲ್ಲ ಹೇಳಿಬಿಡುತ್ತೇನೆ ಅಂತ ಆಮೇಲೆ ಜಾನೆಟ್ ನಾಸಾದವರಿಗೆ ಮುಖಕ್ಕೇ ಹೇಳಿದರು. ಹೇಳಿದ್ದು ಸರಿಯಾಗಿಯೇ ಇತ್ತು.

ಪೆಟ್ಟಿಗೆ ಕೈಕೊಟ್ಟರೂ ಅಕ್ಕಪಕ್ಕದವರು ಕೈಬಿಡುತ್ತಿರಲಿಲ್ಲ. ಯಾರ ಗಂಡ ಹಾರಿದ್ದಾನೋ ಅವರ ಮನೆಗೆ ಉಳಿದ ಹೆಂಗಸರು ಅಡುಗೆ ಮಾಡಿಕೊಂಡು ಬರುತ್ತಿದ್ದರು, ಜೊತೆಗೆ ಕೂರುತ್ತಿದ್ದರು. ನಮ್ಮಲ್ಲಿ ಸಾವಿನ ಮನೆಗೆ ಊಟ ಕೊಟ್ಟುಬರುತ್ತಾರಲ್ಲ, ಹಾಗೆ. ಎಲ್ ಲಾಗೊ ಬಡಾವಣೆಯಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ವೈಟ್ ಕುಟುಂಬಗಳು ನೆರೆಹೊರೆ. 1964ರಲ್ಲಿ ಆರ್ಮ್‌ಸ್ಟ್ರಾಂಗ್ ಮನೆಗೆ ರಾತ್ರಿ ಬೆಂಕಿ ಬಿದ್ದಾಗ ಗಗನಯಾತ್ರಿ ಎಡ್ ವೈಟ್ ಬೇಲಿ ಹಾರಿ ಬಂದಿದ್ದರು. 1967ರ ಜನವರಿ 27ರಂದು, ನೆಲದ ಮೇಲಿನ ಪರೀಕ್ಷೆಯಲ್ಲೇ, ಅಪೋಲೊ 1 ನೌಕೆಗೆ ಬೆಂಕಿ ಹತ್ತಿತು. ಒಳಗೆಲ್ಲ ಬರೀ ಆಮ್ಲಜನಕ, ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಒಳಗಿನ ಒತ್ತಡಕ್ಕೆ ಅದು ಅಲುಗಲಿಲ್ಲ. ಎಡ್ ವೈಟ್ ಸೇರಿ ಮೂವರು ತೀರಿಕೊಂಡರು. ಆ ಸಂಜೆ ಎಡ್ ಅವರ ಹೆಂಡತಿ ಪ್ಯಾಟ್ ವೈಟ್ ಮನೆಗೆ ಹೋಗಿ ಅಂತ ಜಾನೆಟ್‌ಗೆ ಫೋನ್ ಬಂತು. ಏನಾಗಿದೆ ಅಂತ ಪೂರ್ತಿ ತಿಳಿಯದೆಯೇ ಅವರು ಹೋದರು.

1968ರಲ್ಲಿ ಚಂದ್ರನನ್ನು ಸುತ್ತಿದ ಅಪೋಲೊ 8ರಲ್ಲಿ ಪೆಟ್ಟಿಗೆಯನ್ನು ಸುಮ್ಮನಾಗಿಸಿದ್ದು ಚಂದ್ರನೇ. ರೇಡಿಯೊ ಅಲೆ ಚಂದ್ರನನ್ನು ತೂರಿಕೊಂಡು ಬರುವುದಿಲ್ಲ. ಹಾಗಾಗಿ ಎರಡು ಗಂಟೆಯ ಪ್ರತಿ ಸುತ್ತಿನಲ್ಲೂ ನೌಕೆ ಚಂದ್ರನ ಹಿಂದೆ ಮರೆಯಾದಾಗ ಸುಮಾರು 45 ನಿಮಿಷ ಮಾತಿಲ್ಲ. ಮನೆ ಕಡೆ ತಿರುಗಲು ಎಂಜಿನ್ ಉರಿಸಬೇಕಾದದ್ದೂ ಆ ಮರೆಯಲ್ಲೇ. ಅದು ಕೈಕೊಟ್ಟರೆ ಮೂವರೂ ಚಂದ್ರನ ಸುತ್ತಲೇ ಉಳಿಯಬೇಕಿತ್ತು. ಫ್ರಾಂಕ್ ಬೋರ್ಮನ್ ಬರುವುದಿಲ್ಲ ಅಂತಲೇ ಅವರ ಹೆಂಡತಿ ಸೂಸನ್ ನಂಬಿದ್ದರು. ಅಂತ್ಯಸಂಸ್ಕಾರದಲ್ಲಿ ಓದುವ ಮಾತನ್ನೂ ಬರೆಯತೊಡಗಿದ್ದರು.

ಹೂಸ್ಟನ್‌ನಲ್ಲಿ ಮಧ್ಯರಾತ್ರಿ ದಾಟಿತ್ತು, ಕ್ರಿಸ್‌ಮಸ್ ಶುರುವಾಗಿತ್ತು. ನೌಕೆ ಮರೆಯಿಂದ ಹೊರಬಂತು. ಸಾಂಟಾ ಕ್ಲಾಸ್ ಇರುವುದು ನಿಜ ಅಂತ ನೌಕೆಯಲ್ಲಿದ್ದ ಜಿಮ್ ಲೋವೆಲ್ ಹೇಳಿದ್ದು ಕೇಳಿಸಿತು.