ಕಣ್ಣು ಮಂಜಾಯ್ತು, ಕೈ ನಡುಗುತ್ತೆ: ಗೊಂಬೆಗೆ ಬಣ್ಣ ಹಚ್ಚೋದು ಬಿಡಬೇಕಾ?

ಪ್ರಶ್ನೆ: ಚಿಕ್ಕಂದಿನಿಂದಲೂ ಮಿನಿಯೇಚರ್ ಗೊಂಬೆಗಳಿಗೆ ಬಣ್ಣ ಹಚ್ಚುತ್ತಾ ಬಂದಿದ್ದೇನೆ. ಈಗ ಐವತ್ತು ದಾಟಿದೆ. ಗೊಂಬೆಯ ಮುಖವೇ ಸರಿಯಾಗಿ ಕಾಣಲ್ಲ, ಬ್ರಷ್ ಹಿಡಿದರೆ ತುದಿ ನಡುಗುತ್ತೆ. ಇನ್ನು ಬಿಟ್ಟುಬಿಡೋದೇ ಒಳ್ಳೇದಾ?

ಖಂಡಿತಾ ಬಿಡಬೇಡಿ. ನಿಮ್ಮ ಥರ ಕೇಳುವವರು ತುಂಬಾ ಜನ ಇದ್ದಾರೆ. ಅವರು ಕೂರುವ ಜಾಗ ನೋಡಿದರೆ ಸಾಮಾನ್ಯವಾಗಿ ಬೆಳಕು ಸಾಲದು, ಕೈಗೆ ಆನಿಕೆ ಇಲ್ಲ, ಬ್ರಷ್ ತೀರಾ ಸಣ್ಣದು. ಇವು ಮೂರನ್ನೂ ಸರಿಮಾಡಿಕೊಂಡರೆ ಇನ್ನೂ ಎಷ್ಟೋ ವರ್ಷ ಕೂತು ಬಣ್ಣ ಹಚ್ಚಬಹುದು.

ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಟ್ಟಿಯಾಗುತ್ತಾ ಹೋಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಇದು ಎಲ್ಲರಿಗೂ ಆಗುವಂಥದ್ದು. 28 ಮಿ.ಮೀ. ಎತ್ತರದ ಗೊಂಬೆಯ ಕಣ್ಣು ಸಾಸಿವೆ ಕಾಳಿಗಿಂತ ಚಿಕ್ಕದು, ಅಲ್ವಾ? ಹಾಗಾಗಿ ಭೂತಗನ್ನಡಿಗಿಂತ ಮೊದಲು ದೀಪ ಬದಲಿಸಿ. ಬೆಳಕು ಜಾಸ್ತಿ ಇದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಪಾಪೆ ಕಿರಿದಾದಷ್ಟೂ ಚಿತ್ರ ಚೂಪಾಗುತ್ತದೆ. ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲಿರುವ, 5000ದಿಂದ 6500 ಕೆಲ್ವಿನ್ ಒಳಗಿನ, ಅಂದರೆ ಹಗಲಿನಂಥ ಬಿಳಿ ಬೆಳಕಿನ ಎಲ್‌ಇಡಿ ದೀಪ ಎರಡು ತಗೊಂಡು ಎಡಕ್ಕೊಂದು ಬಲಕ್ಕೊಂದು ಇಡಿ. ಒಂದೇ ಇದ್ದರೆ ಬ್ರಷ್ಷಿನ ನೆರಳು ನೀವು ನೋಡಬೇಕಾದ ಕಡೆಯೇ ಬೀಳುತ್ತದೆ.

ತಲೆಗೆ ಹಾಕುವ ಭೂತಗನ್ನಡಿ ತಗೊಳ್ಳುವಾಗ ಜಾಸ್ತಿ ಪವರ್ ಇದ್ದರೆ ಒಳ್ಳೇದು ಅಂದುಕೊಳ್ಳಬೇಡಿ. 2 ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ಗೊಂಬೆ ಸುಮಾರು 25 ಸೆಂ.ಮೀ. ದೂರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 3.5 ಪಟ್ಟಿನದಾದರೆ 10 ಸೆಂ.ಮೀ. ಹತ್ತಿರ ತರಬೇಕು, ಆಗ ಬ್ರಷ್ ಆಡಿಸೋಕೂ ಜಾಗ ಇರಲ್ಲ, ಕತ್ತು ಬೇರೆ ನೋಯುತ್ತದೆ. 2 ಅಥವಾ 2.5 ಸಾಕು.

ಇನ್ನು ನಡುಕ. ಸ್ವಲ್ಪ ನಡುಕ ಎಲ್ಲರ ಕೈಯಲ್ಲೂ ಇರುತ್ತದೆ. ಕಾಫಿ, ನಿದ್ದೆಗೇಡು, ಬ್ರಷ್ಷನ್ನು ಬಿಗಿಯಾಗಿ ಹಿಡಿಯೋದು, ಇವೆಲ್ಲ ಅದನ್ನು ಹೆಚ್ಚಿಸುತ್ತವೆ. ಗೊಂಬೆಯನ್ನು ಕೈಯಲ್ಲಿ ಹಿಡಿಯೋಕೆ ಒಂದು ಹಿಡಿಕೆಗೆ ಅಂಟಿಸಿ, ಎರಡೂ ಮೊಣಕೈ ಮೇಜಿನ ಮೇಲೆ ಊರಿ, ಮಣಿಕಟ್ಟು ಎರಡನ್ನೂ ಒಂದಕ್ಕೊಂದು ಒತ್ತಿ, ಬ್ರಷ್ ಹಿಡಿದ ಕೈಯ ಕಿರುಬೆರಳನ್ನು ಆ ಹಿಡಿಕೆಗೆ ತಾಗಿಸಿ. ಆಗ ನಡುಗಿದರೂ ಗೊಂಬೆ ಮತ್ತು ಬ್ರಷ್ ಒಟ್ಟಿಗೇ ಅಲುಗುತ್ತವೆ, ಗೆರೆ ತಪ್ಪೋದು ಕಡಿಮೆ. ಉಸಿರು ಬಿಟ್ಟಾದ ಮೇಲೆ ಗೆರೆ ಎಳೆಯಿರಿ. ಕೈ ಸುಮ್ನೆ ತೊಡೆ ಮೇಲೆ ಇಟ್ಟಾಗಲೂ ನಡುಗುತ್ತಿದ್ದರೆ, ಅಥವಾ ಈಚೆಗೆ ನಡುಕ ಹೆಚ್ಚಾಗುತ್ತಿದ್ದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ.

ಸಣ್ಣ ಕೆಲಸಕ್ಕೆ ಸಣ್ಣ ಬ್ರಷ್ ಅಂತ ತೀರಾ ಸಪೂರದ 000 ನಂಬರಿನದು ಹಿಡಿದು ಕೂರುವವರೇ ಜಾಸ್ತಿ. ಅದರಲ್ಲಿ ನಿಲ್ಲುವ ಅಕ್ರಿಲಿಕ್ ಬಣ್ಣ ಎಷ್ಟು ಕಡಿಮೆ ಅಂದರೆ ಗೊಂಬೆ ಮುಟ್ಟುವ ಮೊದಲೇ ತುದಿಯಲ್ಲಿ ಒಣಗುತ್ತದೆ, ನೀವು ಅದನ್ನು ಒತ್ತುತ್ತೀರಿ, ಕೈ ಜಾರುತ್ತದೆ. ಚೂಪು ತುದಿಯ 1ನೇ ನಂಬರ್ ಕೊಲಿನ್ಸ್ಕಿ ಸೇಬಲ್ (ಒಂದು ಪ್ರಾಣಿಯ ಬಾಲದ ಕೂದಲಿನ) ಬ್ರಷ್ ತಗೊಳ್ಳಿ. ಹೊಟ್ಟೆಯಲ್ಲಿ ಬಣ್ಣ ಹಿಡಿಯುತ್ತದೆ, ತುದಿ ಕೂದಲೆಳೆಯಷ್ಟೇ ಇರುತ್ತದೆ. ಮಿನಿಯೇಚರ್ ಹಚ್ಚುವವರು ಮೆಚ್ಚುವ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಸೀರೀಸ್ 7 ಬ್ರಷ್ ಹುಟ್ಟಿದ್ದೇ 1866ರಲ್ಲಿ, ವಿಕ್ಟೋರಿಯಾ ರಾಣಿಯ ಜಲವರ್ಣಕ್ಕಾಗಿ. ಆಕೆಗೆ ಇಷ್ಟವಾಗಿದ್ದದ್ದು ಸಾಕಷ್ಟು ದಪ್ಪನೆಯ 7ನೇ ನಂಬರು.

ಕಣ್ಣು ಬರೆಯುವಾಗಲೂ ನಿಖರವಾದ ಚುಕ್ಕೆಗೆ ಒದ್ದಾಡಬೇಡಿ. ಮೊದಲು ಗುಳಿಯಲ್ಲಿ ಗಾಢ ಕಂದು ತುಂಬಿ. ಅದರ ಮೇಲೆ ಅಡ್ಡಕ್ಕೆ ಮಾಸಲು ಬಿಳಿ. ಪಾಪೆಗೆ ಚುಕ್ಕೆ ಬೇಡ, ಹುಬ್ಬಿನಿಂದ ಕೆನ್ನೆಯವರೆಗೆ ಒಂದು ನೇರ ಗೆರೆ ಎಳೆದುಬಿಡಿ. ಆಮೇಲೆ ಮೈಬಣ್ಣದಿಂದ ಮೇಲೂ ಕೆಳಗೂ ಮುಚ್ಚುತ್ತಾ ಬನ್ನಿ. ನಡುವೆ ಉಳಿದದ್ದೇ ಕಣ್ಣು! ಹೀಗೆ ಮಾಡಿದರೆ ತಪ್ಪಿದ್ದನ್ನೆಲ್ಲ ಕೊನೆಯ ಬಣ್ಣ ಮುಚ್ಚಿಕೊಳ್ಳುತ್ತದೆ, ನಡುಗುವ ಕೈಗೆ ಇದಕ್ಕಿಂತ ಒಳ್ಳೆ ದಾರಿ ನಾನು ಕಂಡಿಲ್ಲ.

ಇಷ್ಟಾದರೂ 28 ಮಿ.ಮೀ. ಕಷ್ಟವಾದರೆ 54 ಅಥವಾ 75 ಮಿ.ಮೀ.ಗೆ ಹೋಗಿ, ಇಲ್ಲವೇ ಎದೆಯವರೆಗಿನ ಬಸ್ಟ್ ತಗೊಳ್ಳಿ. ಸೋತು ದೊಡ್ಡದಕ್ಕೆ ಹೋದೆ ಅಂತ ಅನಿಸಬೇಕಿಲ್ಲ. ಅಲ್ಲಿ ಕೆನ್ನೆಯ ಕೆಂಪು, ಗಡ್ಡ ಬೋಳಿಸಿದ ಜಾಗದ ನೀಲಿಛಾಯೆ, ತುಟಿಯ ಕೆಳಗಿನ ನೆರಳು ಎಲ್ಲ ಬರೆಯಬೇಕು, ಕೆಲಸ ಇನ್ನೂ ಹೆಚ್ಚೇ. ಬಣ್ಣಗಳನ್ನು ಒಂದರೊಳಗೊಂದು ಬೆರೆಸುವಾಗ ಅಕ್ರಿಲಿಕ್ ಬೇಗ ಒಣಗಿ ಸತಾಯಿಸಿದರೆ, ಅಕ್ರಿಲಿಕ್ ಮೇಲೆ ತೆಳುವಾಗಿ ತೈಲವರ್ಣ ಹಚ್ಚಿ ನೋಡಿ. ಗಂಟೆಗಟ್ಟಲೆ ಹಸಿಯಾಗಿರುತ್ತದೆ, ನಿಧಾನಕ್ಕೆ ತಿದ್ದಬಹುದು, ಕೈ ಸೋತರೆ ಎದ್ದು ಓಡಾಡಿ ಬಂದು ಮತ್ತೆ ಕೂರಬಹುದು. ತೆಳು ಮಾಡಲು ಬಳಸುವ ವೈಟ್ ಸ್ಪಿರಿಟ್ಟಿನ ಆವಿ ಒಳ್ಳೇದಲ್ಲ, ಕಿಟಕಿ ಮಾತ್ರ ತೆರೆದಿಟ್ಟುಕೊಳ್ಳಿ.